ಕಲ್ಕತ್ತೆ ಮುಟ್ಟಿದ ಹಡಗು

ನನಗೂ ಯುದ್ಧಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಹೈಸ್ಕೂಲಿನಲ್ಲಿ ಇತಿಹಾಸದ ಪೀರಿಯಡ್ಡನ್ನು ನಿದ್ದೆಗೆ ಅಂತಲೇ ಎತ್ತಿಟ್ಟಿದ್ದವನು ನಾನು. ಅಂಥವನು ಹೆಚ್ಚೂಕಡಿಮೆ ಎಂಟು ತಿಂಗಳು, ಶನಿವಾರದ ಮೇಲೆ ಶನಿವಾರ, ಅಮೆರಿಕದ ನೌಕಾಪಡೆಯನ್ನು ಪೆಸಿಫಿಕ್ ಸಾಗರದಲ್ಲಿ ನಡೆಸಿದ್ದೇನೆ. ಹತ್ತು ಸಲ ಸೋತಿದ್ದೇನೆ, ಒಂದು ಸಲ ಗೆದ್ದಿದ್ದೇನೆ. ಗೆದ್ದದ್ದರಿಂದ ಯಾರಿಗೂ ಮೂರು ಕಾಸಿನ ಉಪಯೋಗ ಆಗಲಿಲ್ಲ ಅನ್ನುವುದು ಬೇರೆ ಮಾತು. ಇದಕ್ಕೆಲ್ಲ ಕಾರಣ ಖುರ್ಷಿದ್ ಸಾಹೇಬರು, ಮತ್ತು ಫ್ರೀವೇಯ ಕಾರ್‌ಪೂಲ್ ಲೇನು.

ಕಾರಿನಲ್ಲಿ ಇಬ್ಬರಿದ್ದರೆ ಆ ಲೇನಿನಲ್ಲಿ ಸರಾಗವಾಗಿ ಹೋಗಬಹುದು, ಒಬ್ಬನೇ ಇದ್ದರೆ ಪಕ್ಕದ ಲೇನುಗಳಲ್ಲಿ ತೆವಳಬೇಕು. ನಾನೂ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಬೆರ್ರಿಯೆಸಾದವನು, ಅವರೂ ಬೆರ್ರಿಯೆಸಾದವರು, ಆಫೀಸು ಒಂದೇ. ತೊಂಬತ್ತೆಂಟರ ಜನವರಿಯಿಂದ ಅವರು ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತರು. ವಯಸ್ಸು ಐವತ್ತೈದು, ಒಣಕಲು ಮೈ, ಅಂಗಿಯ ಜೇಬಿನಲ್ಲಿ ಕೆಂಪು ಪೆನ್ಸಿಲ್ಲು, ಮಡಿಲಲ್ಲಿ ಚಹಾದ ಥರ್ಮಾಸು. ನನ್ನ ಹೆಸರು ವ್ಯಾಸರಾಜ ಅಂದ ಕ್ಷಣವೇ ‘ಆಚಾರ್ರೇ’ ಅಂತ ಶುರು ಮಾಡಿದರು. ನಾನು ಸಂಧ್ಯಾವಂದನೆ ಬಿಟ್ಟು ಹದಿನೈದು ವರ್ಷವಾಗಿದೆ, ಹಾಗೆ ಕರೀಬೇಡಿ ಸ್ವಾಮಿ ಅಂದರೂ ಕೇಳಲಿಲ್ಲ. ನಾನು ಗಂಟೆಗೆ ಅರವತ್ತೆಂಟು ಮೈಲಿಯಲ್ಲಿ ಓಡಿಸಿದರೆ ‘ಆಚಾರ್ರೇ, ಮೂರು ಜಾಸ್ತಿ’ ಅನ್ನುವರು. ಮೊದಲ ತಿಂಗಳು ಇವರನ್ನು ಯಾವುದಾದರೂ ಎಕ್ಸಿಟ್ಟಿನಲ್ಲಿ ಇಳಿಸಿ ಹೋಗಿಬಿಡಲೇ ಅನ್ನಿಸಿದ್ದುಂಟು.

ಅದು ಎರಡು ಸಾವಿರದ ಇಸವಿಯ ಭಯದ ಕಾಲ. ಹಳೇ ಪ್ರೋಗ್ರಾಮುಗಳಲ್ಲಿ ವರ್ಷವನ್ನು ಎರಡೇ ಅಂಕೆಯಲ್ಲಿ ಬರೆದಿದ್ದರು. ತೊಂಬತ್ತೊಂಬತ್ತು ಮುಗಿದು ಸೊನ್ನೆ ಸೊನ್ನೆ ಬಂದ ಕೂಡಲೇ ಕಂಪ್ಯೂಟರುಗಳು ನೂರು ವರ್ಷ ಹಿಂದಕ್ಕೆ ಹಾರುತ್ತವೆ ಎಂದು ಲೋಕವೆಲ್ಲ ಕಂಗಾಲಾಗಿತ್ತು. ನಮ್ಮ ಆಫೀಸಿನ ಚಿಕ್ಕ ವಯಸ್ಸಿನವರೆಲ್ಲ ಒಬ್ಬೊಬ್ಬರೇ ಕೆಲಸ ಬಿಟ್ಟು, ಇಂಟರ್ನೆಟ್ಟಿನಲ್ಲಿ ನಾಯಿ ಬಿಸ್ಕತ್ತು ಮಾರುವ ಕಂಪನಿಗಳಿಗೆ ಸೇರುತ್ತಿದ್ದರು. ನಾವು ಒಂದಷ್ಟು ಮಂದಿ ಮಾತ್ರ ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯ ಸಾಲುಗಳಲ್ಲಿ ತಾರೀಖು ಹೆಕ್ಕುತ್ತ ಕೂತಿದ್ದೆವು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಅದು. ಅದರಲ್ಲಿ ಖುರ್ಷಿದ್ ಸಾಹೇಬರನ್ನು ಮೀರಿಸಿದವರು ಇರಲಿಲ್ಲ. ಬೆಂಗಳೂರಿನ ಬ್ಯಾಂಕೊಂದರಲ್ಲಿ ಕಾರ್ಡಿಗೆ ತೂತು ಹೊಡೆದು ಕಂಪ್ಯೂಟರು ನಡೆಸುತ್ತಿದ್ದ ಕಾಲದಿಂದ ಅವರಿಗೆ ಅದೇ ಉಸಿರು. ಎಂಬತ್ನಾಲ್ಕರಲ್ಲಿ ಹೆಂಡತಿ, ಮಗಳು, ತಾಯಿ ಸಮೇತ ಇಲ್ಲಿಗೆ ಬಂದವರು. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಮಗಳು ಅಮ್ರೀನ್ ಬರ್ಕ್ಲಿಯಲ್ಲಿ ಓದುತ್ತಿದ್ದಳು. ಮನೆಯಲ್ಲಿ ಅವರು ಮತ್ತು ತಾಯಿ ಖತೀಜಾಬಿ, ಇಬ್ಬರೇ.

ಅವರ ಕೆಲಸಕ್ಕೆ ಒಂದೇ ಸೂತ್ರ. ‘ಒಂದೇ ಒಂದು ಕಡೆ ಕೈ ಹಾಕಿ. ಮತ್ತೆ ಓಡಿಸಿ. ಏನು ಬದಲಾಯ್ತು ನೋಡಿ. ಎರಡು ಕಡೆ ಕೈ ಹಾಕಿದ್ರೆ ಯಾವುದರಿಂದ ಏನಾಯ್ತು ಅಂತ ಆ ಅಲ್ಲಾಹನಿಗೇ ಗೊತ್ತು.’ ಇದನ್ನು ದಿನಕ್ಕೆ ನಾಲ್ಕು ಸಲ ಹೇಳಿ ನನ್ನ ತಲೆ ಚಿಟ್ಟು ಹಿಡಿಸುತ್ತಿದ್ದರು.

ಜುಲೈನಲ್ಲಿ ಒಂದು ಮಂಗಳವಾರ ಅವರು ರಸ್ತೆಯ ತುದಿಗೆ ಬರಲಿಲ್ಲ. ನಾನು ಹಾರನ್ನು ಹೊಡೆದು ಹೊಡೆದು ಸಾಕಾಗಿ, ಬೈದುಕೊಂಡು ಒಬ್ಬನೇ ತೆವಳಿಕೊಂಡು ಹೋದೆ. ಸಂಜೆ ಫೋನು ಬಂತು. ಖತೀಜಾಬಿ ಆಸ್ಪತ್ರೆಯಲ್ಲಿದ್ದರು. ಹಿಂದಿನ ದಿನ ಈದ್ ಮಿಲಾದ್. ಪ್ರವಾದಿಗಳು ಹುಟ್ಟಿದ ದಿನ, ಎಲ್ಲರ ಮನೆಯಲ್ಲೂ ಖೀರು. ಈ ಅಮ್ಮ ಮಾತ್ರ ಆ ದಿನ ಒಂದು ತೊಟ್ಟು ನೀರನ್ನೂ ಮುಟ್ಟದೆ ಉಪವಾಸ ಕೂರುವುದು. ಎಪ್ಪತ್ಮೂರು ವರ್ಷ, ಸಕ್ಕರೆ ಕಾಯಿಲೆ, ಸೋತ ಹೃದಯ, ಮೇಲೆ ಬೇಸಿಗೆಯ ಹದಿನೈದು ಗಂಟೆಯ ಹಗಲು. ಸಂಜೆ ಅಡುಗೆಮನೆಯಲ್ಲಿ ಬಿದ್ದುಬಿಟ್ಟಿದ್ದರು. ‘ಮುಂದಿನ ವರ್ಷ ಹೀಗೇ ಕೂತರೆ ನಾನು ಏನೂ ಮಾಡೋಕಾಗಲ್ಲ’ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

‘ನಿಮ್ಮ ಮೌಲ್ವಿಗಳ ಕೈಲಿ ಹೇಳಿಸಬಾರದಾ?’ ಅಂದೆ.

‘ಹೇಳಿಸಿ ಆಯ್ತು ಆಚಾರ್ರೇ. ಈ ಉಪವಾಸ ಧರ್ಮದ್ದಲ್ಲ, ಅಮ್ಮಿದು. ಶಿಕ್ಷೆ ಅದು. ತಾನೇ ತನಗೆ ಹಾಕ್ಕೊಂಡಿದ್ದು.’

ಆಮೇಲೆ ನಿಧಾನಕ್ಕೆ, ಮೂರು ದಿನದ ಟ್ರಾಫಿಕ್ಕಿನಲ್ಲಿ, ಕತೆ ಹೊರಗೆ ಬಂತು.

ಅವರ ತಂದೆ ದಸ್ತಗೀರ್ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗಿನ ಕೆಲಸಕ್ಕೆ ಸಂಬಳ ಜಾಸ್ತಿ ಅಂತ ಮದ್ರಾಸಿಗೆ ಹೋಗಿ ಸರಕು ಹಡಗು ಸೇರಿದರು. ನಲವತ್ತೆರಡರ ಮಾರ್ಚಿನಲ್ಲಿ ರಜೆಗೆ ಊರಿಗೆ ಬಂದಿದ್ದಾರೆ. ಖತೀಜಾಬಿಗೆ ಹದಿನೇಳು ವರ್ಷ, ಮೂರು ತಿಂಗಳ ಬಸುರಿ. ಹೊರಡುವ ದಿನ ಈಕೆ ಬಾಗಿಲಿಗೆ ಅಡ್ಡ ನಿಂತು, ಮಿಲಾದ್ ಮುಗಿಸಿಕೊಂಡು ಹೋಗಿ ಅಂದಿದ್ದಾಳೆ. ಆತ ನಿಂತರು. ಮಿಲಾದದ ರಾತ್ರಿ ಮನೆಯಲ್ಲಿ ಮೌಲೂದ್ ಅಂತ ಪ್ರವಾದಿಗಳ ಹುಟ್ಟಿನ ಪದ್ಯ ಓದಿಸಿ, ಖೀರು ತಿಂದು, ಮರುದಿನ ಬೆಳಗಿನ ಗಾಡಿಗೆ ಹೋದರು. ಮದ್ರಾಸಿನಿಂದ ಅವರು ಹತ್ತಿದ ಹಡಗು ಏಪ್ರಿಲ್ ಆರರಂದು ಒರಿಸ್ಸಾದ ತೀರದ ಆಚೆ ಮುಳುಗಿತು. ಆ ವಾರ ಜಪಾನಿನ ಯುದ್ಧನೌಕೆಗಳು ಪೆಸಿಫಿಕ್ ಬಿಟ್ಟು ಬಂಗಾಳ ಕೊಲ್ಲಿಗೆ ನುಗ್ಗಿ, ಕಣ್ಣಿಗೆ ಬಿದ್ದ ಸರಕು ಹಡಗನ್ನೆಲ್ಲ ಹೊಡೆದಿದ್ದವು. ಯುದ್ಧ ಮುಗಿದ ಮೇಲೆ ಅದೇ ಓಣಿಯ ಇನ್ನೊಬ್ಬ ಊರಿಗೆ ಬಂದು ಹೇಳಿದನಂತೆ: ‘ದಸ್ತಗೀರ್ ನಮ್ಮ ಹಡಗಿಗೆ ಬರಬೇಕಿತ್ತು. ದಾರಿ ನೋಡಿ ನೋಡಿ ನಾವು ಹೊಂಟಿವಿ.’ ಆ ಮೊದಲನೇ ಹಡಗಿನವರೆಲ್ಲ ಬದುಕಿ ಬಂದಿದ್ದರು.

ಅಲ್ಲಿಗೆ ಆಕೆಯ ತೀರ್ಮಾನವಾಯಿತು. ನಾನು ತಡೆದೆ, ಮೊದಲಿನ ಹಡಗು ತಪ್ಪಿತು, ನನ್ನಿಂದ ಸತ್ತರು. ಟೋಪಿ ಹೊಲಿದು, ಮಂದಿಯ ಮನೆಯ ಜಂಪರು ಹೊಲಿದು ಮಗನನ್ನು ಓದಿಸಿದಳು. ಮಿಲಾದ್ ಬಂದಾಗಲೆಲ್ಲ ಉಪವಾಸ ಕೂತಳು. ಈ ಸಂಗತಿಯನ್ನು ಮಗನಿಗೆ ಹೇಳಿದ್ದು ಒಂದೇ ಸಲ, ಅವರಿಗೆ ಹತ್ತು ವರ್ಷವಿದ್ದಾಗ. ಮತ್ತೆ ಕೆದಕಿ ಕೇಳಿದರೆ ಎರಡು ದಿನ ಮಾತು ಬಂದ್.

ಈ ಕತೆ ಕೇಳಿ ನನಗೆ ಪಾಪ ಅನ್ನಿಸಿತು. ಅದಕ್ಕೇ ಸಿಕ್ಕಿಹಾಕಿಕೊಂಡೆ. ‘ಶನಿವಾರ ಮನೆಗೆ ಬನ್ನಿ, ಒಂದು ಕೆಲಸ ಇದೆ’ ಅಂದಾಗ ಹಿಂದೆಮುಂದೆ ಯೋಚಿಸದೆ ಹೂಂ ಅಂದೆ.

ಹೋಗಿ ನೋಡಿದರೆ ಊಟದ ಟೇಬಲ್ಲಿನ ತುಂಬ ಸಮುದ್ರ! ಸ್ಯಾನ್ ಫ್ರಾನ್ಸಿಸ್ಕೋದಿಂದ ಮದ್ರಾಸಿನವರೆಗಿನ ನಕಾಶೆ, ಅದರ ಮೇಲೆ ಜೇನುಗೂಡಿನಂತೆ ಮನೆಗಳು, ನೂರಾರು ರಟ್ಟಿನ ಬಿಲ್ಲೆಗಳು, ಎರಡು ದಾಳ. ಯಾರದೋ ಗರಾಜ್ ಸೇಲಿನಲ್ಲಿ ಕೊಂಡ ಯುದ್ಧದಾಟದ ಪೆಟ್ಟಿಗೆಯಂತೆ. ಹೆಂಡತಿ ಹೋದ ವರ್ಷದಿಂದ ಇದೇ ಗೀಳು. ಪಕ್ಕದಲ್ಲಿ ಆರು ನೋಟ್‌ಬುಕ್ಕು. ಆ ಯುದ್ಧ ಬೇರೆ ಥರ ಆಗಿದ್ದರೆ ಏನಾಗುತ್ತಿತ್ತು ಅನ್ನುವ ಇತಿಹಾಸ, ಮುತ್ತು ಪೋಣಿಸಿದಂಥ ಕನ್ನಡದಲ್ಲಿ. ನಕಾಶೆಯ ಎಡ ತುದಿಯಲ್ಲಿ, ಮದ್ರಾಸಿನ ಹತ್ತಿರ, ಒಂದು ಬಿಳೀ ಅಂಗಿ ಗುಂಡಿ ಇತ್ತು. ಆಟದ ಪೆಟ್ಟಿಗೆಯಲ್ಲಿ ಸರಕು ಹಡಗಿಗೆ ಬಿಲ್ಲೆ ಇರಲಿಲ್ಲವಂತೆ. ಅದು ಅಪ್ಪನ ಹಡಗು.

‘ಜಪಾನಿನವರು ಹಿಂದೂ ಮಹಾಸಾಗರಕ್ಕೆ ಬರದೇ ಇರೋ ಹಾಗೆ ಮಾಡಬೇಕು ಆಚಾರ್ರೇ. ಒಂದೇ ಕಡೆ ಕೈ ಹಾಕಬೇಕು. ಅಮ್ಮಿ ತಡೆದದ್ದು ಹಾಗೇ ಇರಲಿ, ಅಪ್ಪ ಎರಡನೇ ಹಡಗನ್ನೇ ಹತ್ತಲಿ. ಆದರೂ ಹಡಗು ಕಲ್ಕತ್ತೆ ಮುಟ್ಟಬೇಕು. ಆಗ ತಾನೇ ಗೊತ್ತಾಗೋದು, ಕಾರಣ ಅಮ್ಮಿ ಅಲ್ಲ, ಟೋಕಿಯೋದಲ್ಲಿ ಕೂತಿದ್ದವನು ಅಂತ.’

‘ಇದನ್ನ ಬಾಯಲ್ಲಿ ಹೇಳಿದರೆ ಆಗಲ್ವಾ?’

‘ಹೇಳಿದೀನಿ. ನಂಬಲ್ಲ. ಓಡಿಸಿ ತೋರಿಸಬೇಕು.’

ಅಯ್ಯೋ ರಾಮ, ಅಂದುಕೊಂಡೆ. ಆದರೂ ಕೂತೆ. ಮುಂದಿನ ಮಿಲಾದ್ ತೊಂಬತ್ತೊಂಬತ್ತರ ಜೂನ್ ಇಪ್ಪತ್ತಾರಕ್ಕೆ. ಅಷ್ಟರೊಳಗೆ ಆ ಮುದುಕಿಯ ಮನಸ್ಸು ತಿರುಗಬೇಕು.

ಅವರು ಜಪಾನು, ನಾನು ಅಮೆರಿಕ. ಮೊದಲನೆಯ ಸಲ, ಹವಾಯಿಯ ಬಂದರಿನ ಮೇಲೆ ಜಪಾನಿನ ವಿಮಾನ ಬಂದ ದಿನ ಅಮೆರಿಕದ ವಿಮಾನವಾಹಕ ಹಡಗುಗಳೂ ಅಲ್ಲೇ ಇದ್ದವು ಅಂತ ಬದಲಾಯಿಸಿದರು. ಸಿಟ್ಟಿಗೆದ್ದ ಅಮೆರಿಕ ತಕ್ಷಣ ಮೇಲೆ ಬೀಳಬಹುದು ಅನ್ನುವುದು ಅವರ ಲೆಕ್ಕ. ಬೀಳುವುದಕ್ಕೆ ನನ್ನ ಹತ್ತಿರ ಹಡಗೇ ಉಳಿಯಲಿಲ್ಲ. ಜಪಾನು ಆರಾಮಾಗಿ ಬಂಗಾಳ ಕೊಲ್ಲಿಗೆ ಹೋಯಿತು, ಗುಂಡಿ ಮುಳುಗಿತು. ಇನ್ನೊಂದು ಸಲ ಹವಾಯಿಯ ಎಣ್ಣೆ ಟ್ಯಾಂಕುಗಳನ್ನು ಸುಟ್ಟರು. ನನ್ನ ಪಡೆ ಎಣ್ಣೆ ಇಲ್ಲದೆ ಬಾಲ ಮುದುರಿಕೊಂಡು ಇದೇ ನಮ್ಮ ಕೊಲ್ಲಿಗೆ, ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ನುಸುಳಿ ಬಂದು ಕೂತಿತು. ಗುಂಡಿ ಏಪ್ರಿಲ್ ಆರಕ್ಕೇ ಮುಳುಗಿತು. ಮತ್ತೊಂದರಲ್ಲಿ ಜಪಾನು ಹವಾಯಿಯ ತಂಟೆಗೇ ಹೋಗದೆ ದಕ್ಷಿಣಕ್ಕೆ ಇಳಿದು ಸಿಂಹಳ ಹಿಡಿದು, ಗುಂಡಿ ಮದ್ರಾಸು ಬಿಡುವ ಮೊದಲೇ ಬಂದರಿನಲ್ಲೇ ಅದನ್ನು ಮುಳುಗಿಸಿತು. ಆವತ್ತು ಸಾಹೇಬರು ದಾಳ ಎತ್ತಿ ಗೋಡೆಗೆ ಎಸೆದರು. ಮುಖ್ಯ ಕಾರಣ ನಾನು. ದಾಳ ನನ್ನ ಕೈಯಲ್ಲಿ ಒಂದಕ್ಕಿಂತ ಮೇಲೆ ಬೀಳುತ್ತಿರಲಿಲ್ಲ, ನನಗೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ‘ಆಚಾರ್ರೇ, ಅದು ಆಸ್ಟ್ರೇಲಿಯಾ! ಅಲ್ಲಿ ಹಡಗು ಓಡಿಸಬೇಡಿ, ಅದು ನೆಲ!’

ಖತೀಜಾಬಿ ಸೋಫಾದ ಮೇಲೆ ತಟ್ಟೆಯನ್ನು ತೊಡೆಯಲ್ಲಿಟ್ಟುಕೊಂಡು ಉಣ್ಣುತ್ತಿದ್ದರು. ಟೇಬಲ್ಲಿನಲ್ಲಿ ಜಾಗವೆಲ್ಲಿ? ಬೋಳು ಕೈ, ದಪ್ಪ ಕನ್ನಡಕ, ಕಾಲ ಬಳಿ ಹೊಲಿಗೆಯ ಡಬ್ಬಿ. ಒಮ್ಮೆ ನನ್ನನ್ನು ಕರೆದು ಕೇಳಿದರು: ‘ಏನ್ ತಮ್ಮಾ, ಇಷ್ಟು ದೊಡ್ಡವರಾಗಿ ನೀವಿಬ್ಬರೂ ರಟ್ಟಿನ ತುಣುಕಿನಾಗ ಏನ್ ಆಡ್ತೀರಿ?’ ಆಫೀಸಿನ ಕೆಲಸ ಅಂದುಬಿಟ್ಟೆ.

ಮಾರ್ಚಿನಲ್ಲಿ, ಹನ್ನೊಂದನೇ ಸಲ, ಸಾಹೇಬರು ಸಣ್ಣ ಬದಲಾವಣೆ ಮಾಡಿದರು. ಜಪಾನಿನ ಗುಪ್ತ ಸಂಕೇತವನ್ನು ಅಮೆರಿಕದವರು ನಿಜವಾಗಿ ಒಡೆದದ್ದಕ್ಕಿಂತ ಮೂರು ತಿಂಗಳು ಮುಂಚೆ ಒಡೆದರು, ಅಷ್ಟೇ. ನಲವತ್ತೆರಡರ ಮಾರ್ಚ್ ಮೊದಲ ವಾರ, ಸಾಗರದ ನಡುವೆ ಪುಟ್ಟ ದ್ವೀಪವೊಂದರ ಹಿಂದೆ ನಾನು ಹೊಂಚು ಹಾಕಿದೆ. ದಾಳ ಬಿಟ್ಟೆ. ಆರು. ಮತ್ತೆ ಬಿಟ್ಟೆ. ಆರು. ಚಹಾ ಆರುವುದರೊಳಗೆ ಜಪಾನಿನ ನಾಲ್ಕು ವಿಮಾನವಾಹಕ ಹಡಗು ತಳ ಸೇರಿದ್ದವು. ಉಳಿದವು ತಿರುಗಿ ಮನೆಗೆ ಹೋದವು. ಬಂಗಾಳ ಕೊಲ್ಲಿಗೆ ಯಾರೂ ಬರಲಿಲ್ಲ. ಖುರ್ಷಿದ್ ಸಾಹೇಬರು ಗುಂಡಿಯನ್ನು ಒಂದೊಂದೇ ಮನೆ ಮುಂದಕ್ಕೆ ತಳ್ಳಿದರು. ಮಚಲೀಪಟ್ಟಣ, ವಿಶಾಖಪಟ್ಟಣ, ಪುರಿ. ಏಪ್ರಿಲ್ ಏಳಕ್ಕೆ ಗುಂಡಿ ಕಲ್ಕತ್ತೆ ಮುಟ್ಟಿತು. ಮಗನಾಗಿ ಐವತ್ತಾರು ವರ್ಷ ಬದುಕಿದವರು ಆವತ್ತು ಸಣ್ಣ ಕೂಸಿನ ಥರ ಅತ್ತರು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ.

ಆಮೇಲೆ ನನಗೆ ಸುಮ್ಮನಿರಲಾಗದೆ ಕೇಳಿದೆ: ‘ಆ ನಾಲ್ಕು ಹಡಗಿನಲ್ಲಿ ಎಷ್ಟು ಜನ ಇದ್ದರು?’

‘ಎರಡು ಮೂರು ಸಾವಿರ ಸತ್ತಿರ್ತಾರೆ.’

‘ಅವರ ಮನೆಗಳಲ್ಲೂ ಯಾರಾದರೂ ತಡೆದಿರ್ತಾರೆ, ಅಲ್ವಾ?’

ಅವರು ಜೇಬಿನಿಂದ ಕೆಂಪು ಪೆನ್ಸಿಲ್ಲು ತೆಗೆದರು. ನೋಟ್‌ಬುಕ್ಕಿನ ಅಂಚಿನಲ್ಲಿ ಆ ಸಂಖ್ಯೆಯನ್ನು ಬರೆದುಕೊಂಡರು.

ಎರಡು ತಿಂಗಳು ಕೂತು ಹನ್ನೊಂದನೇ ಇತಿಹಾಸವನ್ನು ಶುದ್ಧಪ್ರತಿ ಮಾಡಿದರು. ನಲವತ್ತು ಪುಟ. ಅದರಲ್ಲಿ ಯುದ್ಧ ನಲವತ್ನಾಲ್ಕಕ್ಕೇ ಮುಗಿಯುತ್ತದೆ. ಹಿರೋಶಿಮಾ ಅನ್ನುವ ಊರಿನ ಹೆಸರು ನಮಗ್ಯಾರಿಗೂ ಗೊತ್ತಿರುವುದಿಲ್ಲ. ದಸ್ತಗೀರ್ ಎಂಬ ಬಾಯ್ಲರಿನವನು ಹುಬ್ಬಳ್ಳಿಗೆ ಮರಳಿ, ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿ ರಿಟೈರಾಗುತ್ತಾನೆ. ಮೇ ತಿಂಗಳ ಒಂದು ಭಾನುವಾರ ಅದನ್ನು ತಾಯಿಯ ಎದುರು ಕೂತು ಓದಿದರು. ಸಾಕ್ಷಿಗೆ ನಾನು. ಬರ್ಕ್ಲಿಯಿಂದ ಅಮ್ರೀನ್ ಬಂದಿದ್ದಳು.

ಖತೀಜಾಬಿ ಕೊನೆಯವರೆಗೂ ಕೇಳಿದರು. ಮಗನ ತಲೆ ಸವರಿದರು.

‘ಚಂದ ಬರದೀ. ನಿಮ್ಮ ಅಪ್ಪ ಕೇಳಿದ್ರ ಖುಷಿ ಪಡ್ತಿದ್ರು. ಆದ್ರ ಖುರ್ಷಿದಾ, ಜಪಾನಿನವರು ಬರಲಿ ಬಿಡಲಿ, ನಾ ತಡೀಲಿಲ್ಲಂದ್ರ ಅವರು ಮೊದಲಿನ ಹಡಗಿನಾಗ ಇರ್ತಿದ್ರು. ನೀ ಇಡೀ ಸಮುದ್ರ ತಿರುವಿ ಹಾಕೀದಿ. ಆ ಬಾಗಿಲದಾಗ ನಿಂತಾಕಿನ್ನ ಸರಿಸಿಲ್ಲ.’

ನಲವತ್ತು ಪುಟ ಒಂದೇ ಮಾತಿಗೆ ಹೋಯಿತು. ಅಮ್ರೀನ್ ‘ದಾದಿ, ದಟ್ಸ್ ನಾಟ್ ಫೇರ್’ ಅಂದಳು. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಎಂಟು ತಿಂಗಳ ಶನಿವಾರಗಳು, ಕಣ್ರೀ!

ಇಲ್ಲಿ ಒಂದು ಕಾಗದದ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಅಮ್ರೀನ್ ತನ್ನ ಲೈಬ್ರರಿಯವರ ಸಹಾಯದಿಂದ ಇಂಗ್ಲೆಂಡಿಗೆ ಪತ್ರ ಬರೆದು, ಮುಳುಗಿದ ಹಡಗಿನ ಕೆಲಸಗಾರರ ಪಟ್ಟಿಯ ನಕಲು ತರಿಸಿದ್ದಳು. ಅದರಲ್ಲಿ ಅಪ್ಪನ ಹೆಸರಿತ್ತು, ಹೆಬ್ಬೆರಳ ಗುರುತಿತ್ತು, ಕೆಲಸಕ್ಕೆ ಸೇರಿದ ತಾರೀಖು ಏಪ್ರಿಲ್ ಒಂದು ಅಂತಿತ್ತು. ಖುರ್ಷಿದ್ ಸಾಹೇಬರು ಅದರ ಪಕ್ಕ ಕೆಂಪು ಪೆನ್ಸಿಲ್ಲಿನಲ್ಲಿ ‘ಗುಮಾಸ್ತನ ತಪ್ಪು’ ಅಂತ ಬರೆದು ಫೈಲಿಗೆ ಹಾಕಿದ್ದರು. ಯಾಕೆಂದರೆ ಅವರ ಹತ್ತಿರ ತಾವೇ ಬರೆದ ಪ್ರೋಗ್ರಾಮಿತ್ತು. ಹಿಜರಿ, ಅಂದರೆ ಮುಸ್ಲಿಮರ ಚಾಂದ್ರಮಾನದ ತಾರೀಖು ಕೊಟ್ಟರೆ ಇಂಗ್ಲಿಷ್ ತಾರೀಖು ಬರುತ್ತದೆ. ಆ ವರ್ಷ ನಮ್ಮ ದೇಶದಲ್ಲಿ ಮಿಲಾದ್ ಮಾರ್ಚ್ ಮೂವತ್ತೊಂದು, ಮಂಗಳವಾರ. ಮಿಲಾದದ ರಾತ್ರಿ ಖೀರು ತಿಂದು ಮರುದಿನ ಬೆಳಿಗ್ಗೆ ಹೊರಟರೆ ಏಪ್ರಿಲ್ ಒಂದು. ಹುಬ್ಬಳ್ಳಿಯಿಂದ ಮದ್ರಾಸಿಗೆ ಒಂದೂಕಾಲು ದಿನದ ಗಾಡಿ, ಮುಟ್ಟುವುದು ಎರಡನೇ ತಾರೀಖು ಮಧ್ಯಾಹ್ನ. ಆ ಓಣಿಯವನು ಹೇಳಿದ ಪ್ರಕಾರ ಮೊದಲನೇ ಹಡಗು ಹೊರಟದ್ದು ಎರಡರ ನಸುಕಿನಲ್ಲಿ. ತಪ್ಪಿಹೋಯಿತು. ಎಲ್ಲ ಕೂಡಿಬರುತ್ತದೆ, ಆ ಗುಮಾಸ್ತ ಬರೆದ ತಾರೀಖೊಂದನ್ನು ಬಿಟ್ಟು. ಇನ್ನೂ ಹುಬ್ಬಳ್ಳಿಯಲ್ಲಿ ಗಾಡಿ ಹತ್ತುತ್ತಿರುವವನು ಅದೇ ದಿನ ಮದ್ರಾಸಿನಲ್ಲಿ ಹೆಬ್ಬೆರಳು ಒತ್ತುವುದು ಹೇಗೆ? ತಾರೀಖಿನ ವಿಷಯದಲ್ಲಿ ಈ ಊರಿನಲ್ಲಿ ಅವರನ್ನು ಮೀರಿಸಿದವರು ಯಾರು? ಗುಮಾಸ್ತನದೇ ತಪ್ಪು.

ಜೂನ್ ಬಂತು. ಉಪವಾಸದ ವಿಷಯ ಎತ್ತಿದರೆ ಖತೀಜಾಬಿ ಎದ್ದು ಒಳಗೆ ಹೋಗುತ್ತಿದ್ದರು. ಡಾಕ್ಟರು ಬೈದರು, ಅಮ್ರೀನ್ ಅತ್ತಳು. ಸಾಹೇಬರು ಕಾರಿನಲ್ಲಿ ಮಾತೇ ನಿಲ್ಲಿಸಿದರು. ನಾನು ಎಪ್ಪತ್ತೈದರಲ್ಲಿ ಓಡಿಸಿದರೂ ಕೇಳಲಿಲ್ಲ, ಅದು ನನಗೆ ಭಯ ಹುಟ್ಟಿಸಿತು.

ಇಪ್ಪತ್ತೈದು, ಶುಕ್ರವಾರ. ಆಫೀಸಿನಲ್ಲಿ ತಡವಾಗಿ, ಅವರ ಮನೆ ಮುಟ್ಟುವ ಹೊತ್ತಿಗೆ ಎಂಟೂಮುಕ್ಕಾಲು. ಆಗಷ್ಟೇ ಸೂರ್ಯ ಸರಟೋಗಾದ ಗುಡ್ಡಗಳ ಆಚೆ ಇಳಿದಿದ್ದ. ಸಾಹೇಬರು ಒಳಗೆ ಬನ್ನಿ ಅಂದರು, ಒಬ್ಬರೇ ಹೋಗುವ ಧೈರ್ಯವಿಲ್ಲದವರ ಥರ. ಒಳಗೆ ಊದಿನ ವಾಸನೆ. ಬರ್ಕ್ಲಿಯಿಂದ ಬಂದಿದ್ದ ಅಮ್ರೀನ್ ಬಾಗಿಲು ತೆಗೆದಳು. ಖತೀಜಾಬಿ ನಮಾಜು ಮುಗಿಸಿ ತಲೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

‘ಬಾ ತಮ್ಮಾ. ಹಬ್ಬದ ದಿನ ಬಂದೀದಿ.’

‘ಹಬ್ಬ ನಾಳೆ ಅಲ್ವಾ ಅಮ್ಮ?’

‘ಹೊತ್ತು ಮುಳುಗಿತಲ್ಲಪ್ಪಾ. ನಮ್ಮದು ದಿನಾ ಇಲ್ಲಿಂದನ ಸುರು. ಇದ ಮಿಲಾದದ ರಾತ್ರಿ.’

‘ನಮ್ಮಲ್ಲಿ ನಾಳೆ ಸೂರ್ಯ ಹುಟ್ಟೋವರೆಗೂ ಇವತ್ತೇ’ ಅಂದೆ, ಸುಮ್ಮನೆ ಮಾತಿಗೆ. ಅಂದವನು ಹಾಗೇ ನಿಂತೆ. ಒಂದೂವರೆ ವರ್ಷ ತಾರೀಖಿನ ಕಲ್ಲು ಆರಿಸಿದ್ದಕ್ಕೆ ಕೈಗೆ ಒಂದು ಅಭ್ಯಾಸ ಹತ್ತಿರುತ್ತದೆ ನೋಡಿ. ರಾತ್ರಿ ಮೊದಲು, ಹಗಲು ಆಮೇಲೆ. ಮಿಲಾದದ ಹಗಲು ಮಂಗಳವಾರವಾದರೆ ಮಿಲಾದದ ರಾತ್ರಿ ಸೋಮವಾರ.

ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಾನು ಕೇಳಿಬಿಟ್ಟೆ. ಹೊರಗಿನವನು ನಾನು, ನನಗೇನು ಎರಡು ದಿನ ಮಾತು ಬಿಟ್ಟರೆ?

‘ಅಮ್ಮ, ಯಜಮಾನರು ಗಾಡಿಗೆ ಹೋದ ಬೆಳಿಗ್ಗೆ ಊರಲ್ಲಿ ಹಬ್ಬ ಮುಗಿದಿತ್ತಾ?’

ಸಾಹೇಬರು ನನ್ನ ತೋಳು ಹಿಡಿದು ಎಳೆದರು. ಖತೀಜಾಬಿ ಸೆರಗು ಬಿಟ್ಟು ನನ್ನ ಕಡೆ ತಿರುಗಿದರು.

‘ಮುಗಿಯೂದೆಲ್ಲಿ? ಮೆರವಣಿಗಿ ಆಗಿನ್ನೂ ಹೊಂಟಿತ್ತು. ಹಸಿರು ನಿಶಾನಿ ಹಿಡದವರ ನಡುವ ದಾರಿ ಮಾಡಕೊಂಡು ಸ್ಟೇಷನ್ನಿಗೆ ಹೋದ್ರು. ನಾ ಮಾಳಿಗಿ ಮ್ಯಾಲಿಂದ ನೋಡಿದೆ.’

ಖುರ್ಷಿದ್ ಸಾಹೇಬರ ಕೈ ನನ್ನ ತೋಳಿನಿಂದ ಜಾರಿತು.

‘ಯಾ ಅಲ್ಲಾಹ್’ ಅಂದರು. ‘ಆಚಾರ್ರ, ನನ್ನ ಪ್ರೋಗ್ರಾಮಿನಾಗ ದಿನಾ ನಡುರಾತ್ರಿಗೆ ಬದಲಾಗ್ತದ.’ ಗಾಬರಿಯಲ್ಲಿ ಅವರ ಬೆಂಗಳೂರು ಕನ್ನಡ ಹೋಗಿ ಹುಬ್ಬಳ್ಳಿ ಬಂದಿತ್ತು. ದಿನಕ್ಕೆ ಐದು ಹೊತ್ತು ನಮಾಜು ಮಾಡುವ ಮನುಷ್ಯ, ರಂಜಾನಿನ ಚಂದ್ರ ಕಂಡ ರಾತ್ರಿಯಿಂದಲೇ ತಿಂಗಳು ಎಣಿಸುವವರು, ಕಂಪ್ಯೂಟರಿನ ಮುಂದೆ ಕೂತಾಗ ಮಾತ್ರ ಬ್ಯಾಂಕಿನ ಗುಮಾಸ್ತರಾಗಿದ್ದರು.

ಫೈಲು ತಂದರು. ಅಪ್ಪ ಹೊರಟದ್ದು ಹಬ್ಬದ ಬೆಳಿಗ್ಗೆ, ಮಾರ್ಚ್ ಮೂವತ್ತೊಂದು. ಮದ್ರಾಸು ಮುಟ್ಟಿದ್ದು ಏಪ್ರಿಲ್ ಒಂದರ ಮಧ್ಯಾಹ್ನ. ಹೆಬ್ಬೆರಳು ಒತ್ತಿದ್ದು ಆವತ್ತೇ. ಗುಮಾಸ್ತ ಬರೆದದ್ದು ನೂರಕ್ಕೆ ನೂರು ಸರಿ. ಮೊದಲನೇ ಹಡಗು ಇನ್ನೂ ಹದಿನೈದು ಗಂಟೆ ಅದೇ ಬಂದರಿನಲ್ಲಿ ನಿಂತಿತ್ತು.

‘ಅಮ್ಮಿ, ನೀ ತಡದಿದ್ದಕ್ಕ ಹಡಗು ತಪ್ಪಲಿಲ್ಲ. ಮೊದಲಿನ ಹಡಗು ಅಲ್ಲೇ ಇತ್ತು. ಅವರ ಕಣ್ಣಮುಂದ ಇತ್ತು. ಅವರೇ ಹತ್ತಲಿಲ್ಲ.’

‘ಯಾಕ?’ ಎಂದರು ಖತೀಜಾಬಿ. ತಪ್ಪಿನ ಹೊರೆ ಇಳಿಯಿತು ಅಂತ ಹಗುರಾಗುವ ಬದಲು ಆಕೆ ಬಿಳಿಚಿಕೊಂಡಿದ್ದರು.

ಸಾಹೇಬರು ಫೈಲನ್ನು ಮಗಳ ಕಡೆ ಚಾಚಿದರು. ಅಮ್ರೀನ್ ಪಟ್ಟಿಯನ್ನು ದೀಪದ ಹತ್ತಿರ ಹಿಡಿದು ಮೇಲಿನ ಸಾಲು ಓದಿದಳು. ಇಂಗ್ಲಿಷಿನಲ್ಲಿ ಓದಿದ್ದನ್ನು ಮಗ ಕನ್ನಡಕ್ಕೆ ತಿರುಗಿಸಿದರು. ‘ಮದ್ರಾಸಿನಿಂದ ಕಲ್ಕತ್ತಾ. ಅಲ್ಲಿಂದ ವಾಪಸ್ ಮದ್ರಾಸು. ಒಟ್ಟು ಹದಿನೈದು ದಿನ.’

‘ಮೊದಲಿನ ಹಡಗು?’

‘ಅದು ವಿಲಾಯತಿಗೆ, ಅಮ್ಮಿ. ನಮ್ಮ ಓಣಿಯವ ಬಂದದ್ದು ಯುದ್ಧ ಮುಗದ ಮ್ಯಾಲಲ್ಲಾ.’

ಖತೀಜಾಬಿ ಸೋಫಾದಲ್ಲಿ ಕೂತರು. ‘ಕೂಸು ಹುಟ್ಟೂದರಾಗ ಬರ್ತೀನಿ ಅಂದಿದ್ರು. ಬಾಗಿಲದಾಗ ನಿಂತಾಗ ಅಂದಿದ್ರು. ನಾ ಅದನ್ನ... ನಾ ಸಮಾಧಾನಕ್ಕ ಅಂದಾರ ಅನಕೊಂಡಿದ್ದೆ.’

ನಾನು ಅಳು ಬರುತ್ತದೆ ಅಂದುಕೊಂಡೆ. ಬಂದದ್ದು ಸಿಟ್ಟು. ಐವತ್ತೇಳು ವರ್ಷ ತನ್ನನ್ನೇ ಬೈದುಕೊಂಡ ಹೆಂಗಸು ಮೊದಲ ಸಲ ಗಂಡನನ್ನು ಬೈದರು. ಅದೂ ಎಂಥ ಬೈಗುಳ! ‘ಹುಚ್ಚಪ್ಪ! ಖೋಡಿ! ಹೊಟ್ಟ್ಯಾಗಿನ ಕೂಸು ಎಲ್ಲಿ ಓಡಿ ಹೋಗ್ತಿತ್ತು? ಹೋಗಬೇಕಿಲ್ಲ ವಿಲಾಯತಿಗೆ! ಮೂರು ವರ್ಷ ಆಗವಲ್ಲದ್ಯಾಕ, ನಾ ದಾರಿ ಕಾಯ್ತಿದ್ದಿಲ್ಲೇನು? ಲಗೂ ಬರ್ತಾನಂತ, ಲಗೂ! ಬಂದ ನೋಡು!’ ಇಪ್ಪತ್ತನಾಲ್ಕು ವರ್ಷದ ಗಂಡ ಎದುರಿಗೇ ತಲೆ ತಗ್ಗಿಸಿ ನಿಂತಿದ್ದಾನೇನೋ ಅನ್ನುವ ಹಾಗೆ ಬೈದರು. ಈಗ ಆತ ಮೊಮ್ಮಗಳ ವಯಸ್ಸಿನವನು. ಬೈಯುತ್ತ ಬೈಯುತ್ತ ಅತ್ತರು, ಅಳುತ್ತ ಮತ್ತೆ ಬೈದರು. ಖುರ್ಷಿದ್ ಸಾಹೇಬರು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಿದ್ದರು. ನನಗೂ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು.

ಬೈಗುಳ ತೀರಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಟೇಬಲ್ಲಿನ ಹತ್ತಿರ ಬಂದರು. ನಕಾಶೆಯ ಎಡ ತುದಿಯಲ್ಲಿ, ಕಲ್ಕತ್ತೆಯ ಮೇಲೆ, ಮಾರ್ಚಿನಿಂದ ಹಾಗೇ ಬಿಟ್ಟಿದ್ದ ಬಿಳೀ ಗುಂಡಿಯನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು.

‘ಇದು ನನ್ನ ಡಬ್ಬಿದು. ಯಾರು ತಗೊಂಡ್ರಿ?’

‘ನಾನ ಅಮ್ಮಿ. ಅದು ಅಪ್ಪನ ಹಡಗು.’

ಆಕೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮತ್ತೆ ಕೆಳಗಿಡಲಿಲ್ಲ.

‘ಅಮ್ರೀನ್, ಅಕ್ಕಿ ನೆನೆ ಹಾಕು, ನಾಳೆ ಹಗಲಿಗೂ ಆಗೂವಷ್ಟು. ಹಾಲು ಐತೇನು ನೋಡು. ಖುರ್ಷಿದಾ, ಆ ಜಪಾನಿನವರ್ನ ಎತ್ತಿಡು. ತಮ್ಮಾ, ನಿಮ್ಮ ಅಮೆರಿಕದವರ್ನೂ ಎತ್ತಿಡು. ಹಬ್ಬದ ದಿನಾನೂ ತೊಡಿ ಮ್ಯಾಲ ತಟ್ಟಿ ಇಟಗೊಂಡು ಉಣ್ಣೂದೇನು?’

ನಾವಿಬ್ಬರೂ ಎರಡೂ ನೌಕಾಪಡೆಗಳನ್ನು ಬಾಚಿ ಪೆಟ್ಟಿಗೆಗೆ ತುಂಬಿದೆವು. ಸಾಗರವನ್ನು ನಾಲ್ಕು ಮಡಿಕೆ ಮಡಿಸಿದೆವು. ಅದರ ಕೆಳಗೆ ಟೇಬಲ್ಲಿನ ಮರ ಹೊಸದರ ಹಾಗಿತ್ತು. ಅಮ್ರೀನ್ ಖೀರು ತಂದಿಟ್ಟಳು. ಖತೀಜಾಬಿ ಎಡಗೈಯ ಮುಷ್ಟಿ ಬಿಚ್ಚದೆ, ಬಲಗೈಯಲ್ಲಿ ಚಮಚ ಹಿಡಿದು ಮೊದಲ ತುತ್ತು ತಿಂದರು. ನಾವು ಮೂವರೂ ನೋಡುತ್ತಿದ್ದೆವು.

‘ಸಕ್ಕರಿ ಕಡಿಮಿ ಆಗೇದ’ ಅಂದರು.